ಬಡಾವಣೆಯ ನಕ್ಷೆ, ಶಾಲೆಯ ಪಟ: ಮುರುಮ ಸೀಮೆಯಲ್ಲಿ ಮನೆಗಳ ಮಂಜೂರಾತಿ ಮತ್ತು ಕನ್ನಡ ಶಾಲೆಯ ಲೆಕ್ಕ

ನನ್ನ ದನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ನಮ್ಮ ಕಡೆ ಇದು ಕರೆಂಟ್ ಹೋಗುವ ಹೊತ್ತು. ನಡುವೆ ಕಟ್ ಆದರೆ ಒಂದೈದು ನಿಮಿಷ ಕೊಡಿ, ಮತ್ತೆ ಸೇರಿಕೊಳ್ತೀನಿ.

ಗಡಿನಾಡಿನ ಬಗ್ಗೆ ಮಾತಾಡುವವರು ಕವಿರಾಜಮಾರ್ಗದ ಗೋದಾವರಿಯಿಂದ ಶುರು ಮಾಡುವುದು ವಾಡಿಕೆ. ನಾನು ಅದನ್ನು ಬಿಟ್ಟು ಒಂದು ಅರ್ಜಿಯಿಂದ ಶುರು ಮಾಡ್ತೀನಿ. ಹೊಲ ಇದ್ದವರು ಅದನ್ನು ಪ್ಲಾಟ್ ಮಾಡಿ ಮಾರಬೇಕಾದರೆ ಕೊಡುವ ಅರ್ಜಿ. ಮುರುಮ, ಉಮರ್ಗಾ, ನಿಲಂಗಾ, ಉದಗೀರ ಎಲ್ಲ ಕಡೆ ಜನ ಇದನ್ನು ‘ಎನ್‌ಎ ಮಾಡಸೋದು’ ಅಂತಾರೆ. ಮರಾಠಿ ಕಾಗದದಲ್ಲಿ ಅದು ‘ಬಿಗರಶೇತಿ’. ಶೇತಿ ಅಂದರೆ ಒಕ್ಕಲುತನ. ಬಿಗರಶೇತಿ ಅಂದರೆ ಒಕ್ಕಲುತನಕ್ಕಲ್ಲದ ಭೂಮಿ. ಈ ಅರ್ಜಿಗೆ ಸಾತ್-ಬಾರಾ ಉತಾರಾ ಬೇಕು, ಮೋಜಣಿ ನಕಾಶೆ ಬೇಕು, ರಸ್ತೆ ಎಲ್ಲಿಂದ ಬರತದ ತೋರಿಸಬೇಕು, ನೀರು ಎಲ್ಲಿಂದ, ಗಟಾರ ಎಲ್ಲಿಗೆ ಅನ್ನೋದು ಬೇಕು. ಆ ಪ್ಲಾಟುಗಳ ಮೇಲೆ ಮನೆ ಕಟ್ಟಿಕೊಂಡು ಬರುವವರ ಮಕ್ಕಳು ಯಾವ ಶಾಲೆಗೆ ಹೋಗತಾರೆ, ಯಾವ ಮಾಧ್ಯಮದಲ್ಲಿ ಓದತಾರೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಇನ್ನೊಂದು ಕಾಗದ ಶಾಲೆಯದು. ಅದರ ಹೆಸರು ‘ಪಟಸಂಖ್ಯೆ’. ಕನ್ನಡದಲ್ಲಿ ಪಟ ಅಂದರೆ ಚಿತ್ರ, ಇಲ್ಲವೇ ಹುಡುಗರು ಹಾರಿಸುವ ಗಾಳಿಪಟ. ಮಹಾರಾಷ್ಟ್ರದ ಶಾಲೆಯಲ್ಲಿ ಪಟ ಅಂದರೆ ಹೆಸರು ನೋಂದಾಯಿಸಿದ ಮಕ್ಕಳ ಪಟ್ಟಿ. ಪ್ರತಿ ವರ್ಷ ಸೆಪ್ಟೆಂಬರ್ 30ಕ್ಕೆ ಪಟದ ಮೇಲೆ ಎಷ್ಟು ಮಕ್ಕಳಿದ್ದಾರೋ ಅದನ್ನು ಹಿಡಿದು ‘ಸಂಚಮಾನ್ಯತೆ’ ಆಗತದ, ಅಂದರೆ ಆ ಶಾಲೆಗೆ ಎಷ್ಟು ಶಿಕ್ಷಕರ ಹುದ್ದೆ ಅನ್ನುವ ಮಂಜೂರಾತಿ. ಈ ಕಾಗದ ಬಡಾವಣೆಯ ಬಗ್ಗೆ ಏನೂ ಕೇಳುವುದಿಲ್ಲ. ಇವತ್ತು ಬೆಂಚಿನ ಮೇಲೆ ಯಾರಿದ್ದಾರೆ ಅಂತ ಎಣಿಸತದ, ನಾಳೆ ಯಾರು ಬರತಾರೆ ಅಂತ ನೋಡುವುದಿಲ್ಲ.

ನನ್ನ ಪ್ರಬಂಧದ ಮಾತು ಇಷ್ಟೇ: ಈ ಎರಡು ಕಾಗದ ಎಲ್ಲಿಯೂ ಭೇಟಿ ಆಗುವುದಿಲ್ಲ, ಮತ್ತು ಅವು ಭೇಟಿ ಆಗದ ಜಾಗದಲ್ಲಿ ನಮ್ಮ ಸೀಮೆಯ ಕನ್ನಡ ಶಾಲೆ ಬೀಳತದ. ಕನ್ನಡ ಸಾಹಿತ್ಯ ಓದುವವಳಿಗೆ ಪ್ಲಾಟಿನ ಉಸಾಬರಿ ಯಾಕೆ ಅಂತ ಕೆಲವರಿಗೆ ಅನಿಸಬಹುದು. ಪಠ್ಯ, ಓದು, ಓದುಗ ಅಂತ ನಾವು ಎರಡು ವರ್ಷದಿಂದ ತರಗತಿಯಲ್ಲಿ ಮಾತಾಡ್ತಾ ಇದ್ದೀವಿ. ಓದುಗ ತಯಾರಾಗುವುದು ಒಂದನೇ ಈಯತ್ತೆಯಲ್ಲಿ, ಅಕ್ಷರ ಕಲಿಸುವ ಮಾಸ್ತರ ಅಥವಾ ಬಾಯಿ ಎದುರಿಗೆ. ಆ ಹುದ್ದೆ ಉಳಿಯುತ್ತೋ ಇಲ್ಲವೋ ಅನ್ನುವುದು ನಮ್ಮ ವಿಷಯವೇ.

ಇಲ್ಲಿ ‘ಸಾಮರ್ಥ್ಯ’ ಅನ್ನುವ ಪದದ ಬಗ್ಗೆ ಸ್ವಲ್ಪ ನಿಲ್ಲಬೇಕು. ಮನೆ ಮತ್ತು ಶಾಲೆಯನ್ನು ಜೋಡಿಸುವ ಚರ್ಚೆ ಜಗತ್ತಿನಲ್ಲಿ ಹೆಚ್ಚಾಗಿ ನಡೆದದ್ದು ಶಾಲೆ ತುಂಬಿ ತುಳುಕುವ ಊರುಗಳಲ್ಲಿ. ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ‘ನೆರೆಹೊರೆ ಘಟಕ’ ಅನ್ನುವ ಕಲ್ಪನೆ ಕೊಟ್ಟಾಗ ಪ್ರಾಥಮಿಕ ಶಾಲೆಯನ್ನು ನಡುವೆ ಇಟ್ಟು, ಆ ಶಾಲೆಗೆ ಸಾಕಾಗುವಷ್ಟು ಮನೆಗಳನ್ನು ಸುತ್ತ ಇಟ್ಟ. ಮೇರಿಲ್ಯಾಂಡ್ ರಾಜ್ಯದ ಮಾಂಟ್‌ಗೊಮೆರಿ ಕೌಂಟಿಯಲ್ಲಿ 1973ರಿಂದ ಒಂದು ಕಟ್ಟಳೆ ಇದೆ: ರಸ್ತೆ, ಶಾಲೆ ಇವು ಸಾಲುತ್ತವೆಯೋ ಅಂತ ನೋಡಿಯೇ ಹೊಸ ಮನೆಗಳಿಗೆ ಒಪ್ಪಿಗೆ. ಶಾಲೆಗಳು ಸಾಮರ್ಥ್ಯದ 120 ಪ್ರತಿಶತ ದಾಟಿದರೆ ಆ ಭಾಗದಲ್ಲಿ ಹೊಸ ಮನೆಗಳ ಮಂಜೂರಾತಿಯನ್ನೇ ತಡೆಹಿಡಿಯುತ್ತಿದ್ದರು. 2020ರಲ್ಲಿ ಆ ತಡೆಯನ್ನು ಬಹುತೇಕ ಕಡೆ ತೆಗೆದು, ಶಾಲೆ ತುಂಬಿರುವ ಕಡೆ ಮನೆ ಕಟ್ಟುವವರಿಂದ ಹೆಚ್ಚಿನ ಶುಲ್ಕ ತೆಗೆದುಕೊಳ್ಳುವ ಪದ್ಧತಿ ತಂದರು. ಅವರಿಗೆ ಕಂಡ ಒಂದು ಸಂಗತಿ ನಮಗೂ ಬೇಕು: ಶಾಲೆಗೆ ಹೆಚ್ಚುವರಿ ಬಂದ ಮಕ್ಕಳಲ್ಲಿ ಹೆಚ್ಚಿನ ಪಾಲು ಹೊಸ ಕಟ್ಟಡದಿಂದಲ್ಲ, ಹಳೇ ಮನೆಗಳಿಗೆ ಹೊಸ ಕುಟುಂಬ ಬಂದದ್ದರಿಂದ. ಅಂದರೆ ಮನೆ ಎಣಿಸಿದರೆ ಸಾಲದು, ಮನೆಯೊಳಗೆ ಯಾರು ಬಂದರು, ಯಾರು ಹೋದರು ಅನ್ನುವುದನ್ನೂ ಎಣಿಸಬೇಕು.

ನಮ್ಮ ಸೀಮೆಯ ತೊಂದರೆ ಅದರ ಉಲ್ಟಾ. ಇಲ್ಲಿ ಶಾಲೆ ತುಂಬಿ ತುಳುಕುವುದಿಲ್ಲ, ಖಾಲಿ ಆಗತದ. ಖೋಲಿಗಳಿವೆ, ಬೆಂಚು ಇವೆ, ಗೋಡೆ ಮೇಲೆ ಅಕ್ಷರಮಾಲೆ ಇದೆ, ಶಿಕ್ಷಕರು ಇಲ್ಲ. ಹಾಗಾಗಿ ಇಲ್ಲಿ ಸಾಮರ್ಥ್ಯ ಅಂದರೆ ಖೋಲಿಯಲ್ಲ, ಹುದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಂದರಿಂದ ಐದನೇ ಈಯತ್ತೆಗೆ ಹೇಳುವ ಲೆಕ್ಕ ಹೀಗಿದೆ: 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. 60 ಮತ್ತು 61ರ ನಡುವೆ ಇರುವುದು ಒಂದೇ ಮಗು, ಆದರೆ ಆ ಒಂದು ಮಗುವಿನ ಮೇಲೆ ಒಬ್ಬ ಶಿಕ್ಷಕರು ನಿಂತಿರುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ಇದು ಯಾವ ಊರಿನ ಅಂಕಿಅಂಶವೂ ಅಲ್ಲ, ಕೈಲೆಕ್ಕ. ಒಂದು ಹಳ್ಳಿಯ ಜಿಲ್ಲಾ ಪರಿಷದ್ ಕನ್ನಡ ಶಾಲೆಯಲ್ಲಿ 64 ಮಕ್ಕಳಿದ್ದಾರೆ ಅನ್ನಿ, ಮೂವರು ಶಿಕ್ಷಕರು. ಆ ಹಳ್ಳಿಯ ಐದು ಮನೆಯವರು ಪೇಟೆಯ ಅಂಚಿನಲ್ಲಿ ಪ್ಲಾಟ್ ತಗೊಂಡು ಹೋದರು. ಅವರ ಜೊತೆ ಏಳು ಮಕ್ಕಳು ಹೋದವು. ಶಾಲೆ 57ಕ್ಕೆ ಇಳಿಯಿತು, ಒಂದು ಹುದ್ದೆ ಹೋಯಿತು. ಆ ಏಳು ಮಕ್ಕಳು ಪೇಟೆಗೆ ಬಂದು ಕನ್ನಡಕ್ಕೆ ಏನು ತಂದವು? ಒಂದು ಹುದ್ದೆಯನ್ನೂ ತರಲಿಲ್ಲ, ಯಾಕಂದರೆ ಅವು ಬೇರೆ ಬೇರೆ ಪ್ಲಾಟಿನಲ್ಲಿ, ಬೇರೆ ಬೇರೆ ಶಾಲೆಯ ಪಟದಲ್ಲಿ ಹಂಚಿಹೋದವು. ಅಲ್ಲಿ ಕಳೆಯಿತು, ಇಲ್ಲಿ ಕೂಡಲಿಲ್ಲ. ಉಳಿದ 57 ಮಕ್ಕಳಿಗೆ ಐದು ಈಯತ್ತೆ, ಇಬ್ಬರು ಶಿಕ್ಷಕರು. ಮುಂದಿನ ವರ್ಷ ಇನ್ನೂ ಕೆಲವರು ಮಕ್ಕಳನ್ನು ಬಿಡಿಸುತ್ತಾರೆ. ಆಗ ಮೇಲಿನವರು ‘ಕನ್ನಡ ಶಾಲೆಗೆ ಬೇಡಿಕೆ ಇಲ್ಲ’ ಅಂತ ಬರೆದುಕೊಳ್ಳುತ್ತಾರೆ.

ಬೇಡಿಕೆ ಇಲ್ಲ ಅನ್ನುವ ಮಾತು ಎಲ್ಲಿಗೆ ಮುಟ್ಟಬಹುದು ಅಂತ ಮಹಾರಾಷ್ಟ್ರದಲ್ಲಿ ಎಲ್ಲರಿಗೂ ಗೊತ್ತು. 2017ರಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಸುಮಾರು 1,300 ಶಾಲೆಗಳನ್ನು ಮುಚ್ಚುವ ನಿರ್ಧಾರ ಬಂತು. 2023ರಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಕೂಡಿಸಿ ‘ಸಮೂಹ ಶಾಲೆ’ ಮಾಡುವ ಪ್ರಸ್ತಾಪ ಬಂತು. ಅಂಥ ಶಾಲೆಗಳು ರಾಜ್ಯದಲ್ಲಿ 14,000ಕ್ಕೂ ಹೆಚ್ಚು. ಮರಾಠಿ ಶಾಲೆಯನ್ನು ಪಕ್ಕದ ಮರಾಠಿ ಶಾಲೆಗೆ ಕೂಡಿಸಿದರೆ ದೂರ ಹೆಚ್ಚಾಗತದ, ಅದೂ ಕಷ್ಟವೇ. ಕನ್ನಡ ಶಾಲೆಯನ್ನು ಪಕ್ಕದ ಶಾಲೆಗೆ ಕೂಡಿಸಿದರೆ ದೂರದ ಜೊತೆಗೆ ಭಾಷೆಯೂ ಬದಲಾಗತದ, ಯಾಕಂದರೆ ಪಕ್ಕದ ಶಾಲೆ ಬಹುತೇಕ ಮರಾಠಿಯದೇ ಇರತದ.

ನನ್ನ ಅಕ್ಕನ ಮನೆಯ ಉದಾಹರಣೆ ಹೇಳಿ ಮುಂದೆ ಹೋಗ್ತೀನಿ. ಅಕ್ಕ-ಮಾವ ಹಳ್ಳಿಯಿಂದ ಬಂದು ಪೇಟೆಯ ಅಂಚಿನ ಒಂದು ಪ್ಲಾಟಿನಲ್ಲಿ ಎರಡು ಖೋಲಿ ಕಟ್ಟಿಕೊಂಡರು. ಪ್ಲಾಟ್ ಮಾರುವವರ ಪಾಂಪ್ಲೆಟ್‌ನಲ್ಲಿ ‘ಶಾಲೆ ಹತ್ತಿರ’ ಅಂತ ಇತ್ತು. ಸುಳ್ಳೇನಲ್ಲ, ಹತ್ತು ನಿಮಿಷದ ದಾರಿ. ಅದು ಮರಾಠಿ ಶಾಲೆ. ಅಕ್ಕನ ಮಗಳು ಹಳ್ಳಿಯಲ್ಲಿ ಕನ್ನಡದಲ್ಲಿ ಎರಡನೇ ಈಯತ್ತೆ ಮುಗಿಸಿದ್ದಳು. ಈಗ ಮರಾಠಿಯಲ್ಲಿ ಚೆನ್ನಾಗಿ ಓದತಾಳೆ, ವರ್ಗದಲ್ಲಿ ಮುಂದಿದ್ದಾಳೆ, ಅದರ ಬಗ್ಗೆ ನಮಗೆಲ್ಲ ಖುಷಿ ಇದೆ. ಮರಾಠಿ ಕಲಿತದ್ದು ನಷ್ಟ ಅಂತ ನಾನು ಯಾವತ್ತೂ ಹೇಳಲ್ಲ. ನಾನೂ ಹತ್ತನೇವರೆಗೆ ಮರಾಠಿ ಓದಿದವಳೇ. ಆದರೆ ಹಳ್ಳಿಯಲ್ಲಿರುವ ಅಜ್ಜಿಗೆ ವಾಟ್ಸಾಪ್‌ನಲ್ಲಿ ಅವಳು ಬರೆಯುವುದು ದೇವನಾಗರಿ ಅಕ್ಷರದ ಕನ್ನಡ. ‘ಅವ್ವಾ ಊಟ ಆಯ್ತಾ’ ಅಂತ ಮರಾಠಿ ಲಿಪಿಯಲ್ಲಿ ಬರತದ, ಅದನ್ನು ಅಜ್ಜಿಗೆ ಪಕ್ಕದ ಮನೆ ಹುಡುಗ ಓದಿ ಹೇಳಬೇಕು. ಅಜ್ಜಿ ಓದಿದ್ದು ನಾಲ್ಕನೇ ಈಯತ್ತೆ, ಆದರೂ ಕನ್ನಡ ಕೂಡಿಸಿ ಓದತಾಳೆ. ಬಾಯಲ್ಲಿ ಇಬ್ಬರದೂ ಒಂದೇ ಭಾಷೆ, ಕಾಗದದ ಮೇಲೆ ಮಾತ್ರ ಬೇರೆ ಆಗಿದೆ. ಇದಕ್ಕೆ ಯಾರನ್ನೂ ಬೈಯುವಂತಿಲ್ಲ. ಪ್ಲಾಟ್ ಮಾರಿದವರು ಕಾನೂನು ಮುರಿದಿಲ್ಲ, ಶಾಲೆಯವರು ಪ್ರವೇಶ ಕೊಟ್ಟಿದ್ದಾರೆ. ಒಂದರಿಂದ ಐದನೇ ಈಯತ್ತೆಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅನ್ನುವ ನಿಯಮವೂ ಪಾಲನೆ ಆಗಿದೆ. ನಿಯಮ ಕಿಲೋಮೀಟರ್ ಎಣಿಸತದ. ಮಾತೃಭಾಷೆಯಲ್ಲಿ ಬೋಧನೆ ಅನ್ನುವುದು ಅದೇ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲಿದೆ, ಆದರೆ ‘ಸಾಧ್ಯವಾದಷ್ಟು ಮಟ್ಟಿಗೆ’ ಅನ್ನುವ ಬಾಲ ಹಚ್ಚಿಕೊಂಡು.

ಬಡಾವಣೆಯ ಕಾನೂನಿನ ಕಡೆ ಬರೋಣ. ಪೇಟೆಯ ಹದ್ದಿನಲ್ಲಿ ಇದನ್ನು ನೋಡಿಕೊಳ್ಳುವುದು 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ. ಅದರ ಅಡಿಯಲ್ಲಿ ನಗರ ಪರಿಷದ್ ಯೋಜನಾ ಪ್ರಾಧಿಕಾರ. 2020ರ ಡಿಸೆಂಬರಿನಲ್ಲಿ ಬಹುತೇಕ ರಾಜ್ಯಕ್ಕೆ ಒಂದೇ ಅಂತ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ ಬಂತು. ಅದರ ಪ್ರಕಾರ ಲೇಔಟಿನಲ್ಲಿ 10 ಪ್ರತಿಶತ ಖುಲ್ಲಾ ಜಾಗ ಬಿಡಬೇಕು. ಜಮೀನು ಎರಡು ಹೆಕ್ಟೇರಿಗಿಂತ ದೊಡ್ಡದಿದ್ದರೆ 5 ಪ್ರತಿಶತ ಜಾಗವನ್ನು ಸೌಲಭ್ಯಕ್ಕೆ ಅಂತ ಬಿಡಬೇಕು. ಶಾಲೆ, ದವಾಖಾನೆ, ಮಾರುಕಟ್ಟೆ ಇವೆಲ್ಲ ಈ ಸೌಲಭ್ಯದ ಜಾಗದಲ್ಲೇ ಬರಬೇಕು.

ಎರಡು ಹೆಕ್ಟೇರ್ ಅಂದರೆ ಸುಮಾರು ಐದು ಎಕರೆ. ನಮ್ಮ ಕಡೆ ಅಣ್ಣತಮ್ಮರಲ್ಲಿ ಪಾಲಾಗಿ ಉಳಿದ ಹೊಲ ಐದು ಎಕರೆ ದಾಟುವುದು ಅಪರೂಪ. ನಾಲ್ಕು ಎಕರೆಯ ಒಂದು ಹೊಲ ತಗೊಳ್ಳಿ: ರಸ್ತೆ, ಖುಲ್ಲಾ ಜಾಗ ಕಳೆದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯಿತು ಅಂದರೆ 30-40ರ ಸೈಟುಗಳು ಹತ್ತಿರ ಹತ್ತಿರ 85 ಆಗತಾವೆ. ಎರಡು ಮನೆಗೆ ಒಂದು ಪ್ರಾಥಮಿಕ ಶಾಲೆಯ ಮಗು ಅಂತ ಹಿಡಿದರೂ ನಲವತ್ತರ ಮೇಲೆ ಮಕ್ಕಳು. ಸೌಲಭ್ಯದ ಜಾಗ: ಸೊನ್ನೆ. ಪಕ್ಕದಲ್ಲಿ ತಮ್ಮನ ನಾಲ್ಕು ಎಕರೆ, ಅದೂ ಲೇಔಟ್. ಮತ್ತೆ ನಲವತ್ತು ಮಕ್ಕಳು, ಮತ್ತೆ ಸೊನ್ನೆ. ಇಬ್ಬರೂ ಒಂದೇ ಅರ್ಜಿ ಕೊಟ್ಟಿದ್ದರೆ ಎಂಟು ಎಕರೆಗೆ 16 ಗುಂಠೆ ಬಿಡಬೇಕಾಗಿತ್ತು. ಒಂದು ಸಣ್ಣ ಶಾಲೆಗೂ ಅಂಗಳಕ್ಕೂ ಅಷ್ಟು ಸಾಕು. ಎರಡು ಅರ್ಜಿ ಕೊಡುವುದು ತಪ್ಪಲ್ಲ, ಹೊಲವೇ ಎರಡು. ಕಾನೂನು ಹೊಲ ಒಂದೊಂದನ್ನೇ ನೋಡತದ, ಮಕ್ಕಳು ಓಣಿಯಾಗಿ ಬೆಳೆಯುತ್ತವೆ.

ಇದು ಕಾಗದ ಸರಿ ಇರುವ ಲೇಔಟಿನ ಕಥೆ. ಕಾಗದ ಇಲ್ಲದ್ದಕ್ಕೆ ನಮ್ಮಲ್ಲಿ ‘ಗುಂಠೇವಾರಿ’ ಅನ್ನುವ ಪದ ಇದೆ. ಗುಂಠೆಗಟ್ಟಲೆ ಹರಿದು ಬಾಂಡ್ ಪೇಪರ್ ಮೇಲೆ ಮಾರಿದ ಹೊಲ. 2001ರಲ್ಲಿ ಇದಕ್ಕೇ ಒಂದು ಕಾಯ್ದೆ ಬಂತು, ಅಲ್ಲಿಯವರೆಗಿನ ಪ್ಲಾಟುಗಳನ್ನು ಶುಲ್ಕ ತಗೊಂಡು ಸಕ್ರಮ ಮಾಡಲಿಕ್ಕೆ. 2021ರಲ್ಲಿ ತಿದ್ದುಪಡಿ ಮಾಡಿ ಆ ಗಡುವನ್ನು 2020ರ ಡಿಸೆಂಬರ್ 31ಕ್ಕೆ ತಂದರು. ಸಕ್ರಮ ಆದಮೇಲೆ ರಸ್ತೆ, ನೀರು, ಗಟಾರ, ದೀಪದ ಮಾತು ಬರತದ. ಶಾಲೆಗೆ ಜಾಗ ಎಲ್ಲಿಂದ ತರುವುದು? ಎಲ್ಲ ಗುಂಠೆಯ ಮೇಲೂ ಮನೆ ಎದ್ದಾಗಿದೆ. ಹಳ್ಳಿಗಳಲ್ಲಿ ಇನ್ನೂ ಸಲೀಸು: ಭೂಕಂದಾಯ ಸಂಹಿತೆಯ 42ಡಿ ಕಲಮಿನ ಪ್ರಕಾರ ಗಾವಠಾಣದ ಗಡಿಯಿಂದ 200 ಮೀಟರ್ ಒಳಗಿನ ಜಮೀನನ್ನು ಪರಿವರ್ತನೆ ತೆರಿಗೆ ತುಂಬಿಸಿಕೊಂಡು ಬಿಗರಶೇತಿ ಅಂತಲೇ ಪರಿಗಣಿಸಬಹುದು. ಮನೆ ಬೇಕಾದವರಿಗೆ ಇದು ಒಳ್ಳೆಯದೇ. ತಹಶೀಲಿಗೆ ವರ್ಷಾನುಗಟ್ಟಲೆ ಅಲೆಯುವುದನ್ನು ನಾನು ನೋಡಿದ್ದೀನಿ, ಆ ಅಲೆದಾಟ ವಾಪಸ್ ಬರಲಿ ಅಂತ ನನ್ನ ಬೇಡಿಕೆ ಅಲ್ಲ.

ನಕ್ಷೆಯ ಮೇಲೆ ಶಾಲೆಗೆ ಜಾಗ ಬಿಟ್ಟರೂ ಅದು ಉಳಿಯುವುದು ಕಷ್ಟ. ಪೇಟೆಯ ವಿಕಾಸ ಯೋಜನೆಯಲ್ಲಿ ‘ಪ್ರಾಥಮಿಕ ಶಾಲೆ’ ಅಂತ ಬಣ್ಣ ಹಚ್ಚಿದ ಜಾಗಕ್ಕೆ ಆರಕ್ಷಣ ಅಂತಾರೆ. 1966ರ ಕಾಯ್ದೆಯ 127ನೇ ಕಲಮು ಹೇಳುವುದು: ಹತ್ತು ವರ್ಷದಲ್ಲಿ ಆ ಭೂಮಿಯನ್ನು ವಶಪಡಿಸಿಕೊಳ್ಳದಿದ್ದರೆ ಮಾಲೀಕ ಖರೀದಿ ನೋಟಿಸ್ ಕೊಡಬಹುದು, ಆಮೇಲೂ ಹೇಳಿದ ಅವಧಿಯಲ್ಲಿ ಕ್ರಮ ಆಗದಿದ್ದರೆ ಆರಕ್ಷಣ ಬಿದ್ದುಹೋಗತದ. ಮಾಲೀಕನ ಕಡೆಯಿಂದ ನೋಡಿದರೆ ಇದು ನ್ಯಾಯ; ಬೇರೆಯವರ ಶಾಲೆಗೆ ಅಂತ ಒಬ್ಬ ಬಡ ರೈತ ಎಷ್ಟು ವರ್ಷ ಹೊಲ ಹಿಡಿದು ಕೂರಬೇಕು? ಸಣ್ಣ ನಗರ ಪರಿಷದ್ ಹತ್ತಿರ ಭೂಮಿ ಕೊಳ್ಳುವ ದುಡ್ಡು ಇರುವುದಿಲ್ಲ, ಅಷ್ಟೇ. ಬೆಂಗಳೂರಿನಲ್ಲಿ ಕಥೆ ಇನ್ನೊಂದು ರೀತಿ. ಅಲ್ಲಿ ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯ ನಿವೇಶನ ಅಂತ ಜಾಗ ನಿಜವಾಗಿಯೂ ಇರುತ್ತವೆ, ಅವನ್ನು ಖಾಸಗಿ ಸಂಸ್ಥೆಗಳಿಗೂ ಗುತ್ತಿಗೆಗೆ ಕೊಡುತ್ತಾರೆ. ಬಡಾವಣೆಗೆ ಶಾಲೆ ಬರುತ್ತದೆ, ಸರ್ಕಾರಿ ಶಾಲೆ ಬರುತ್ತದೆ ಅಂತ ಏನಿಲ್ಲ.

ಹಾಗಾದರೆ ನಮ್ಮ ಸೀಮೆಯಲ್ಲಿ ಮನೆ ಮತ್ತು ಶಾಲೆಯನ್ನು ಒಟ್ಟಿಗೆ ಯೋಚಿಸಿದ್ದು ಯಾವತ್ತೂ ಇಲ್ಲವೇ? ಒಂದು ಸಲ ಇದೆ, ಬಹಳ ದುಃಖದ ಕಾರಣಕ್ಕೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ, ಕಿಲ್ಲಾರಿಯ ಭೂಕಂಪ ಆಯಿತು. ಔಸಾ ಮತ್ತು ಆಗಿನ ಉಮರ್ಗಾ ತಾಲೂಕಿನ ಹಳ್ಳಿಗಳು, ಕಿಲ್ಲಾರಿ, ಸಾಸ್ತೂರ ಇಂಥವು, ಕಲ್ಲು-ಮಣ್ಣಿನ ಗೋಡೆಗಳ ಕೆಳಗೆ ಹೋದವು. ಸಾವಿರಾರು ಜನ ಸತ್ತರು. ನಮ್ಮ ತಲೆಮಾರು ಹುಟ್ಟಿದ್ದು ಅದಾದ ಮೇಲೆ, ಆದರೆ ನಮ್ಮ ಮನೆಗಳಲ್ಲಿ ಇವತ್ತಿಗೂ ವಯಸ್ಸು ಹೇಳುವುದು ‘ಭೂಕಂಪದ ಮುಂಚೆ, ಭೂಕಂಪದ ನಂತರ’ ಅಂತ. ಆಮೇಲೆ ವಿಶ್ವಬ್ಯಾಂಕಿನ ನೆರವಿನಿಂದ ಪುನರ್ವಸತಿ ಕಾರ್ಯಕ್ರಮ ಬಂತು. 52 ಹಳ್ಳಿಗಳನ್ನು ಪೂರ್ತಿ ಹೊಸ ಜಾಗಕ್ಕೆ ಒಯ್ದರು. ಹೊಸ ಊರಿನ ನಕ್ಷೆಯಲ್ಲಿ ಮನೆಗಳ ಜೊತೆಗೇ ಶಾಲೆ, ಪಂಚಾಯತಿ, ದವಾಖಾನೆ ಬಂದವು. ಮೊದಲು ಮನೆ, ಆಮೇಲೆ ನೋಡೋಣ ಅನ್ನುವ ಮಾತು ಇರಲಿಲ್ಲ.

ಅದರಲ್ಲೂ ಒಂದು ಪಾಠ ಇದೆ. ಮನೆಯ ಅಳತೆಯನ್ನು ಹೊಲದ ಮೇಲೆ ನಿಗದಿ ಮಾಡಿದರು: ಭೂಮಿ ಇಲ್ಲದವರಿಗೆ ಮತ್ತು ಸಣ್ಣ ಹಿಡುವಳಿಯವರಿಗೆ 250 ಚದರ ಅಡಿ, ನಡುವಿನವರಿಗೆ 400, ದೊಡ್ಡ ಹೊಲದವರಿಗೆ 750. ಮನೆಯಲ್ಲಿ ಎಷ್ಟು ಜನ ಅನ್ನುವುದು ಲೆಕ್ಕಕ್ಕೆ ಬರಲಿಲ್ಲ. ಹೊಸ ಊರುಗಳು ಹಳೇ ಗಾವಠಾಣಕ್ಕಿಂತ ಎಷ್ಟೋ ಪಟ್ಟು ಅಗಲ ಹರಡಿದವು, ನೇರ ರಸ್ತೆ, ಸಾಲು ಮನೆ, ಶಹರದ ಲೇಔಟ್ ಥರ. ಹಳೇ ಊರಿನಲ್ಲಿ ಓಣಿ ದಾಟಿದರೆ ಸಿಗುತ್ತಿದ್ದ ಶಾಲೆ ಈಗ ದೂರದ ದಾರಿ. ಆದರೂ ಶಾಲೆ ಇದೆ, ಅದಕ್ಕೆ ಅಂಗಳ ಇದೆ. ಆ ಒಂದು ಸಲ ಸಾಧ್ಯವಾದದ್ದು ಯಾಕೆ? ನನಗನಿಸುವುದು, ಮನೆ ಕೊಡುವವರೂ ಶಾಲೆ ಕೊಡುವವರೂ ಒಂದೇ ಮೇಜಿನ ಸುತ್ತ ಕೂತಿದ್ದರಿಂದ. ಇವತ್ತು ಮನೆಯ ಕಡತ ನಗರ ಪರಿಷದ್ ಮತ್ತು ತಹಶೀಲಿನಲ್ಲಿ, ಶಾಲೆಯ ಕಡತ ಜಿಲ್ಲಾ ಪರಿಷದಿನ ಗಟಶಿಕ್ಷಣಾಧಿಕಾರಿ ಹತ್ತಿರ. (ಪಟ ಎಣಿಸುವ ತಾರೀಖೂ ಭೂಕಂಪದ ತಾರೀಖೂ ಒಂದೇ, ಸೆಪ್ಟೆಂಬರ್ 30. ಕಾಕತಾಳೀಯ, ಗೊತ್ತು. ಆದರೂ ಬರೆಯುವಾಗ ಕೈ ನಿಂತಿತು.)

ಭಾಷೆಯನ್ನು ಈ ಲೆಕ್ಕಕ್ಕೆ ತರುವುದಕ್ಕೆ ಕಾನೂನಿನ ದಾರಿ ಇದೆ, ಅದು ಹಳೆಯದು. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಒಪ್ಪಿಕೊಂಡಿತು: ಒಂದು ಶಾಲೆಯಲ್ಲಿ 40 ಮಕ್ಕಳು, ಅಥವಾ ಒಂದು ವರ್ಗದಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ, ಆ ಭಾಷೆಯ ಒಬ್ಬ ಶಿಕ್ಷಕರನ್ನು ಕೊಡಬೇಕು. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆದಾಗ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಆಗಲೇ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮೈಸೂರಿಗೆ ಬರದೆ ಮುಂಬಯಿ ರಾಜ್ಯಕ್ಕೆ ಹೋದವು. ಅದಕ್ಕೂ ಮುಂಚೆ ನಿಜಾಮರ ಕಾಲದಲ್ಲಿ ದೊಡ್ಡ ಶಾಲೆ ಅಂದರೆ ಉರ್ದು. ನಮ್ಮ ಸೀಮೆಯಲ್ಲಿ ಮನೆಯ ಭಾಷೆ ಶಾಲೆಯ ಭಾಷೆಯನ್ನು ನಿರ್ಧರಿಸಿದ ಕಾಲವೇ ಕಡಿಮೆ.

350ಎ ವಿಧಿಯನ್ನು ನಾವೆಲ್ಲ ಭಾಷಣಗಳಲ್ಲಿ ಕೇಳಿದ್ದೀವಿ. ಅದರಲ್ಲಿ ಒಂದು ಪದ ಭಾಷಣಗಳಲ್ಲಿ ಬಿಟ್ಟುಹೋಗತದ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕ ಸೌಲಭ್ಯ ಒದಗಿಸಲು ಯತ್ನಿಸಬೇಕು ಅಂತ ಅದು ಹೇಳುವುದು ರಾಜ್ಯಕ್ಕೆ ಮಾತ್ರವಲ್ಲ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರಕ್ಕೂ. ನಗರ ಪರಿಷದ್ ಒಂದು ಸ್ಥಳೀಯ ಪ್ರಾಧಿಕಾರ. ಲೇಔಟಿನ ಮೇಲೆ ಶಿಕ್ಕಾ ಹೊಡೆಯುವುದು ಅದೇ. ಅಂದರೆ ಮನೆಯ ಮಂಜೂರಾತಿ ಮತ್ತು ಮಾತೃಭಾಷೆಯ ಶಾಲೆ ಎರಡರ ಹೊಣೆಯೂ ಒಂದೇ ಕಚೇರಿಯ ಬಾಗಿಲಿಗೆ ಬಂದು ನಿಲ್ಲತದ. ಒಂದಕ್ಕೆ ಫಾರ್ಮ್ ಇದೆ, ಇನ್ನೊಂದಕ್ಕೆ ಇಲ್ಲ.

ಮಾಂಟ್‌ಗೊಮೆರಿ ಥರ ಮನೆಗಳನ್ನು ತಡೆಯಿರಿ ಅಂತ ನಾನು ಕೇಳುವುದಿಲ್ಲ. ಪ್ಲಾಟ್ ತಗೊಳ್ಳುವವರು ನಮ್ಮವರೇ, ಹೆಚ್ಚಿನವರು ಬಡವರು. ಮನೆ ತಡೆದು ಭಾಷೆ ಉಳಿಸುವುದು ಅನ್ಯಾಯದ ಮಾತು. ನಾನು ಕೇಳುವುದು ಒಂದು ಹಾಳೆ. ಲೇಔಟ್ ಅರ್ಜಿಯ ಜೊತೆಗೆ, ಹತ್ತಿರದ ಶಾಲೆಗಳು ಯಾವುವು, ಯಾವ ಮಾಧ್ಯಮ, ಎಷ್ಟು ದೂರ, ದಾರಿಯಲ್ಲಿ ಹೆದ್ದಾರಿ ದಾಟಬೇಕೇ ಅಂತ ಬರೆದು, ಅದರ ಒಂದು ಪ್ರತಿ ಗಟಶಿಕ್ಷಣಾಧಿಕಾರಿಗೆ ಹೋಗಬೇಕು. ಎರಡನೆಯದು, ಅಕ್ಕಪಕ್ಕದ ಲೇಔಟುಗಳನ್ನು ಮೂರು-ನಾಲ್ಕು ವರ್ಷಕ್ಕೆ ಕೂಡಿಸಿ ಎಣಿಸಿ, ಎಲ್ಲ ಸೇರಿ ಐದು ಎಕರೆ ದಾಟಿದರೆ ಸೌಲಭ್ಯದ ಜಾಗವನ್ನು ಪಾಲು ಪ್ರಕಾರ ಜಾಗವಾಗಿ ಇಲ್ಲವೇ ಹಣವಾಗಿ ಕೇಳಬೇಕು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. 40-10ರ ಸೂತ್ರವನ್ನು ಒಂದು ಶಾಲೆಯ ಪಟಕ್ಕೆ ಮಾತ್ರ ಹಚ್ಚಬಾರದು, ಪೇಟೆಯ ಎಲ್ಲ ಶಾಲೆಗಳ ಪಟ ಕೂಡಿಸಿ ಹಚ್ಚಬೇಕು. ಏಳು ಮಕ್ಕಳು ಅಲ್ಲಿ, ಒಂಬತ್ತು ಇಲ್ಲಿ, ಹನ್ನೊಂದು ಮತ್ತೊಂದು ಕಡೆ ಅಂತ ಚದುರಿದಾಗ ಯಾರೂ ಲೆಕ್ಕಕ್ಕೆ ಬರುವುದಿಲ್ಲ. ಕೂಡಿಸಿದರೆ ಒಬ್ಬ ಶಿಕ್ಷಕರ ಹುದ್ದೆಗೆ ಹತ್ತಿರ ಬರತಾರೆ. ಹಳ್ಳಿಯಲ್ಲಿ ಹೋದ ಹುದ್ದೆ ಪೇಟೆಯಲ್ಲಿ ಮತ್ತೆ ಹುಟ್ಟಬೇಕು ಅಂದರೆ ಮಕ್ಕಳ ಹಿಂದೆ ಹುದ್ದೆ ನಡೆದು ಬರುವಂಥ ವ್ಯವಸ್ಥೆ ಬೇಕು. ಆ ಶಿಕ್ಷಕರು ದಿನಕ್ಕೆ ಒಂದು ತಾಸು ಕನ್ನಡ ಓದು-ಬರಹ ಕಲಿಸಿದರೂ ಅಕ್ಕನ ಮಗಳು ಅಜ್ಜಿಗೆ ಕನ್ನಡದಲ್ಲಿ ಬರೀತಾಳೆ.

ಇಲ್ಲಿಗೆ ನನ್ನ ಪ್ರಬಂಧ ನಿಲ್ಲಿಸ್ತೀನಿ. ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು, ನಾನು ಕೊಟ್ಟ ಉತ್ತರದ ಜೊತೆ, ಕೆಳಗೆ ಸೇರಿಸಿದ್ದೇನೆ.

ಒಬ್ಬ ಸಹಪಾಠಿ ಕೇಳಿದರು: ಪಾಲಕರಿಗೆ ಕನ್ನಡವೂ ಬೇಡ, ಮರಾಠಿಯೂ ಬೇಡ, ಇಂಗ್ಲಿಷ್ ಮಾಧ್ಯಮ ಬೇಕು, ಶಾಲೆಗೆ ಜಾಗ ಬಿಟ್ಟು ಏನು ಉಪಯೋಗ?

ಅವರು ಹೇಳಿದ್ದು ಬಹಳ ಮಟ್ಟಿಗೆ ನಿಜ. ಹಳದಿ ವ್ಯಾನುಗಳು ಬೆಳಿಗ್ಗೆ ಎಲ್ಲ ಹಳ್ಳಿಗೂ ಬರತಾವ. ಆದರೆ ಐದು ಈಯತ್ತೆಗೆ ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಮೀಟಿಂಗಿಗೆ ಹೋದ ದಿನ ಒಬ್ಬರೇ, ಅಂಥ ಶಾಲೆಯನ್ನು ತಂದೆ-ತಾಯಿ ಬಿಟ್ಟರೆ ಅದು ಭಾಷೆಯನ್ನು ಬಿಟ್ಟದ್ದು ಅಂತ ನಾನು ಓದುವುದಿಲ್ಲ. ಐದೂ ಈಯತ್ತೆಗೆ ಐದು ಶಿಕ್ಷಕರಿರುವ ಕನ್ನಡ ಶಾಲೆ ನಡೆದಾಡುವ ದೂರದಲ್ಲಿದ್ದೂ ಬಿಟ್ಟರೆ, ಆಗ ಅದು ಅವರ ಆಯ್ಕೆ. ನಮ್ಮ ಸೀಮೆಯಲ್ಲಿ ಆ ಪರೀಕ್ಷೆ ಇನ್ನೂ ನಡೆದೇ ಇಲ್ಲ.

ಮೇಡಂ ಅವರ ಪ್ರಶ್ನೆ ಬೇರೆ: ಇದರಲ್ಲಿ ಕನ್ನಡ ವಿಭಾಗದವರು ಮಾಡುವ ಕೆಲಸ ಏನು? ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡಿನ ಕನ್ನಡ ಶಾಲೆಗಳಿಗೆ ನೆರವು ಕೊಡತದಲ್ಲ, ಅದು ಸಾಲದೇ?

ಆ ನೆರವು ಬೇಕು, ಖೋಲಿಗೆ, ಪುಸ್ತಕಕ್ಕೆ, ಕಂಪ್ಯೂಟರಿಗೆ ಆಗತದ. ಹುದ್ದೆ ಮಂಜೂರು ಮಾಡುವ ಅಧಿಕಾರ ಅದಕ್ಕೆ ಇಲ್ಲ, ಲೇಔಟಿನ ಮೇಲೆ ಮಾತಾಡುವ ಅಧಿಕಾರವೂ ಇಲ್ಲ. ವಿಭಾಗ ಮಾಡಬಹುದಾದ ಕೆಲಸ ಅಂದರೆ ಎರಡು ಕಾಗದವನ್ನು ಒಂದು ಕಡೆ ಇಡುವುದು. ಮಂಜೂರಾದ ಲೇಔಟುಗಳ ವಿವರ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶಾಲೆಯ ಪಟಸಂಖ್ಯೆ ಗುಟ್ಟಿನ ವಿಷಯವಲ್ಲ, ಮುಖ್ಯಾಧ್ಯಾಪಕರೇ ಹೇಳತಾರೆ. ಹಾಡು ಸಂಗ್ರಹಕ್ಕೆ ಅಂತ ನಾವು ಹೇಗೂ ಮನೆ ಮನೆ ತಿರುಗತೀವಿ. ಅದೇ ತಿರುಗಾಟದಲ್ಲಿ ಇನ್ನೆರಡು ಪ್ರಶ್ನೆ ಸೇರಿಸಬಹುದು: ಯಾವ ಊರಿಂದ ಬಂದ್ರಿ, ಮಗು ಅಲ್ಲಿ ಯಾವ ಮಾಧ್ಯಮದಲ್ಲಿತ್ತು, ಇಲ್ಲಿ ಯಾವುದರಲ್ಲಿ. ನಾನು ಒಂದು ಹಾಳೆಯಲ್ಲಿ ಗೆರೆ ಎಳೆದು ಶುರು ಮಾಡಿದ್ದೀನಿ: ಲೇಔಟ್, ಮನೆ, ಬಂದ ಊರು, ಶಾಲೆ, ಮಾಧ್ಯಮ. ಮುರುಮದ ಎರಡು ಓಣಿ ತುಂಬಿದೆ, ಉಮರ್ಗಾ ಕಡೆ ಒಬ್ಬ ಗೆಳತಿ ಒಪ್ಪಿಕೊಂಡಿದ್ದಾಳೆ. ನಿಲಂಗಾ, ಉದಗೀರ ಕಡೆಯವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಚಾಟಿನಲ್ಲಿ ನಂಬರ್ ಹಾಕಿ, ಆ ಎರಡು ಹಾಳೆ ಇನ್ನೂ ಖಾಲಿ ಇವೆ.